ಗೋಡೆ ಕೊರೆಯದೆ ಬಂದ ನೆಟ್

ನಾನು ಪಾಠ ಮಾಡುತ್ತಿದ್ದ ಮೂಡುಬಿದಿರೆಯ ಕಂಪ್ಯೂಟರ್ ಸೆಂಟರಿಗೆ ಎರಡು ರೂಮುಗಳಿದ್ದವು. ರಸ್ತೆಯ ಕಡೆಗಿನದು ಹುಡುಗರ ಬ್ಯಾಚಿಗೆ, ಹಿಂದಿನದು ಲೇಡೀಸ್ ಬ್ಯಾಚಿಗೆ. ನಡುವೆ ಬೇರೊಬ್ಬರ ಟೈಲರ್ ಅಂಗಡಿ. ಟೆಲಿಫೋನ್ ತಂತಿಯಲ್ಲಿ ಬರುವ ಬ್ರಾಡ್‌ಬ್ಯಾಂಡ್ ಊರಿಗೆ ಹೊಸತಾಗಿ ಬಂದಿದ್ದ ಕಾಲ ಅದು. ನಮ್ಮಲ್ಲಿ ಅದು ಹುಡುಗರ ರೂಮಿಗೆ ಮಾತ್ರ ಬಂದಿತ್ತು. ಹಿಂದಿನ ರೂಮಿಗೆ ಕೇಬಲ್ ಎಳೆಯಬೇಕಾದರೆ ಎರಡು ಗೋಡೆಗಳನ್ನು ಕೊರೆಯಬೇಕು. ಕಟ್ಟಡದ ಯಜಮಾನರೋ ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆ ಹೊಡೆಯಲಿಕ್ಕೂ ಬಿಡುವವರಲ್ಲ.

ಸೆಂಟರ್ ನಡೆಸುತ್ತಿದ್ದ ಸರ್ ಇದನ್ನು ದೊಡ್ಡ ಕೊರತೆಯೆಂದು ಎಣಿಸಿರಲಿಲ್ಲ. "ಹೆಣ್ಮಕ್ಕಳಿಗೆ ಟೈಪಿಂಗ್ ಬಂದ್ರೆ ಸಾಕು ಟೀಚರೇ. ನೆಟ್ ಯಾಕೆ?" ಎನ್ನುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ. ಉಜಿರೆಯ ಕಾಲೇಜಿನಲ್ಲಿ ನೆಟ್‌ವರ್ಕ್ ಬಗ್ಗೆ ಓದಿದ್ದೆನಾದರೂ ಬೋರ್ಡಿನ ಮೇಲಿನ ಚಿತ್ರಗಳನ್ನು ಬಿಟ್ಟರೆ ಬೇರೇನೂ ಕಂಡವಳಲ್ಲ.

ಸುಮ್ಮನಿರಲು ಆಗದಂತೆ ಮಾಡಿದ್ದು ಒಂದು ಫಲಿತಾಂಶ. ನನ್ನ ಬ್ಯಾಚಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬರಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ. ಬೀಡಿ ಕಟ್ಟುತ್ತಲೇ ಖಾಸಗಿಯಾಗಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದರು. ಫಲಿತಾಂಶ ಬಂದ ದಿನ ತಮ್ಮ ರಿಜಿಸ್ಟರ್ ನಂಬರನ್ನು ಹುಡುಗರ ರೂಮಿಗೆ ಕೊಟ್ಟು ಜಗಲಿಯಲ್ಲಿ ನಿಂತರು. ಒಳಗಿದ್ದವನೊಬ್ಬ ಪರದೆ ನೋಡಿ ಎಲ್ಲ ಅಂಕಗಳನ್ನೂ ಗಟ್ಟಿಯಾಗಿ ಓದಿದ. ಕೊನೆಗೆ, "ಇಂಗ್ಲಿಷಿನಲ್ಲಿ ಡುಮ್ಕಿ," ಎಂದ. ಒಳಗೆ ನಗು. ಟೈಲರ್ ಅಂಗಡಿಗೆ ಬಂದಿದ್ದವರೂ ತಿರುಗಿ ನೋಡಿದರು. ಅಕ್ಕ ಮೆಟ್ಟಿಲಿಳಿದು ಹೋದರು. ವಾರವಿಡೀ ಕ್ಲಾಸಿಗೆ ಬರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಫಲಿತಾಂಶದ ಮಾರನೆಯ ದಿನವೇ ಸರ್ ಹತ್ತಿರ ಹೋಗಿ ಕೇಳಿದೆ: "ಗೋಡೆ ಕೊರೆಯದೆ ನನ್ನ ರೂಮಿಗೆ ನೆಟ್ ತಂದ್ರೆ ಆಗ್ತದಾ?"

ಅವರು ನಕ್ಕರು. "ತನ್ನಿ, ನೋಡುವ."

ನನ್ನ ಅಣ್ಣ ದುಬಾಯಿಯಲ್ಲಿದ್ದ. ರಜೆಗೆ ಬರುವಾಗ ಏನು ತರಲಿ ಎಂದು ಫೋನಿನಲ್ಲಿ ಕೇಳಿದಾಗ ವೈರ್‌ಲೆಸ್ ರೌಟರ್ ಒಂದು, ಕಂಪ್ಯೂಟರಿಗೆ ಚುಚ್ಚುವ ಅಡಾಪ್ಟರ್ ಎರಡು ಎಂದೆ. "ಮದುವೆಗೆ ಬಂದ ಹುಡುಗಿ ಬಳೆ ಕೇಳುವುದು ಬಿಟ್ಟು ಪೆಟ್ಟಿಗೆ ಕೇಳ್ತಾಳೆ," ಎಂದು ಉಮ್ಮ ಮಗಳ ಮೇಲೆ ಗೊಣಗಿದರು. ಆದರೆ ಸಾಮಾನು ಬಂದಾಗ ಅದನ್ನು ಹಳೆಯ ಶಾಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟವರೂ ಅವರೇ.

ಮನೆಯಿದ್ದ ಶಿರ್ತಾಡಿಯಿಂದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಹುಡುಗರ ರೂಮಿನಲ್ಲಿದ್ದ ಮೋಡೆಮ್‌ನಿಂದ ರೌಟರಿಗೆ ಗಿಡ್ಡ ಕೇಬಲ್ ಸಿಕ್ಕಿಸಿ, ಹುಡುಗರು ನೋಡುತ್ತಿದ್ದಂತೆಯೇ ಅದಕ್ಕೆ ಹೆಸರು, ಪಾಸ್‌ವರ್ಡ್ ಕೊಟ್ಟೆ. ಹೆಸರು 'ಹಿಂದಿನ ರೂಮು'. ಪಾಸ್‌ವರ್ಡ್ ಯಾರಿಗೂ ಹೇಳಲಿಲ್ಲ.

ಹಿಂದಿನ ರೂಮಿಗೆ ಬಂದು ನೋಡಿದರೆ ಪರದೆಯ ಮೇಲೆ ಹೆಸರು ಕಾಣುತ್ತಿತ್ತು, ಮರುಕ್ಷಣ ಮಾಯವಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಸರ್, "ಗಾಳಿಯಲ್ಲಿ ಬರುವುದು ಗಾಳಿಯಲ್ಲೇ ಹೋಯಿತು," ಎಂದರು. ನಾನು ಹುಡುಗರ ರೂಮಿಗೆ ವಾಪಸು ಹೋಗಿ ನೋಡಿದೆ. ರೌಟರನ್ನು ನೆಲದ ಮೇಲೆ, ಕಬ್ಬಿಣದ ಕಪಾಟಿನ ಹಿಂದೆ ಇಟ್ಟಿದ್ದೆ. ನಮ್ಮ ಕಡೆಯ ಕೆಂಪು ಮುರಕಲ್ಲಿನ ಗೋಡೆ ಅಲೆಗಳನ್ನು ಸೋಸಿ ಸ್ವಲ್ಪ ಬಿಡುತ್ತದೆ. ಕಬ್ಬಿಣ ಬಿಡುವುದೇ ಇಲ್ಲ. ಸ್ಟೂಲ್ ಹತ್ತಿ ಅದನ್ನು ಕಪಾಟಿನ ತಲೆಯ ಮೇಲೆ, ಹಂಚಿನ ಮಾಡಿಗೆ ಹತ್ತಿರವಾಗಿ ಇಟ್ಟು ಅದರ ಆಂಟೆನಾದ ಕೊಂಬನ್ನು ನೆಟ್ಟಗೆ ನಿಲ್ಲಿಸಿದೆ. ಈ ಸಲ ಹಿಂದಿನ ರೂಮಿನ ಪರದೆಯಿಂದ ಹೆಸರು ಹೋಗಲಿಲ್ಲ. ಪುಟ ತೆರೆದುಕೊಂಡಿತು.

"ಇದು ರೇಡಿಯೋದ ಹಾಗೆಯಾ ಟೀಚರ್?" ಎಂದು ಒಬ್ಬಳು ಕೇಳಿದಳು.

"ರೇಡಿಯೋ ಮಾತಾಡ್ತದೆ, ನಾವು ಕೇಳ್ತೇವೆ. ಇದು ನಾವು ಹೇಳಿದ್ದನ್ನೂ ಕೇಳ್ತದೆ," ಎಂದೆ.

ಅಷ್ಟರಲ್ಲಿ ಅಕ್ಕ ಕ್ಲಾಸಿಗೆ ಮರಳಿದ್ದರು. ಮೊದಲು ಮಾಡಿದ ಕೆಲಸವೆಂದರೆ ತಮ್ಮದೇ ಹೆಸರಿನಲ್ಲಿ ಒಂದು ಇಮೇಲ್ ಖಾತೆ ತೆರೆದದ್ದು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ನಾನು ಕೈ ಹಾಕಲಿಲ್ಲ.

ಎರಡು ದಿನಗಳಲ್ಲಿ ಕಟ್ಟಡದ ಯಜಮಾನರು ಬಂದರು. ಗೋಡೆಗಳನ್ನು ತಡವಿ, ಬಗ್ಗಿ, ಬಾಗಿಲ ಸಂದಿಯನ್ನೂ ನೋಡಿ, "ತೂತು ಎಲ್ಲಿ?" ಎಂದು ಕೇಳಿದರು.

"ತೂತಿಲ್ಲ."

"ಮತ್ತೆ ನನ್ನ ಗೋಡೆಯೊಳಗಿಂದ ಹೇಗೆ ಬಂತು? ನನ್ನನ್ನು ಕೇಳಬೇಡವಾ?"

"ನನ್ನ ಸ್ವರವೂ ಗೋಡೆ ದಾಟ್ತದೆ. ಅದಕ್ಕೆ ಯಾರನ್ನೂ ಕೇಳಲಿಲ್ಲ," ಎಂದೆ. ಅವರು ಟೈಲರನ ಅಂಗಡಿಯೊಳಗೂ ಇಣುಕಿ ಹೋದರು.

ನಿಜವಾದ ಜಗಳ ಆಮೇಲೆ ಬಂತು. ಹೆಣ್ಮಕ್ಕಳು ನೆಟ್ ನೋಡುತ್ತಾರೆಂದು ಯಾರೋ ಸರ್‌ಗೆ ದೂರು ಕೊಟ್ಟಿದ್ದರು. ಅವರು ನನ್ನ ರೂಮಿಗೆ ಬಂದು ಎಲ್ಲರೆದುರು, "ಅದನ್ನು ತೆಗೆಯಿರಿ ಟೀಚರೇ. ಸೆಂಟರಿನ ಮರ್ಯಾದೆಯ ಪ್ರಶ್ನೆ," ಎಂದರು.

"ತೆಗೆಯುವುದಿಲ್ಲ. ಬಾಗಿಲು ತೆರೆದೇ ಉಂಟು. ದೂರು ಕೊಟ್ಟವರು ಬಂದು ನೋಡಲಿ."

"ಹಾಗಾದ್ರೆ ನಿಮಗೆ ಇಲ್ಲಿ ಕೆಲಸ ಇಲ್ಲ."

ಆಗ ಹಿಂದಿನ ಬೆಂಚಿನಿಂದ ಅಕ್ಕ ಎದ್ದು ನಿಂತರು. ಅವರು ಸರ್ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ನನ್ನ ಮಾರ್ಕು ಜಗಲಿಯಲ್ಲಿ ನಿಂತವರಿಗೆಲ್ಲ ಓದಿ ಹೇಳುವಾಗ ಮರ್ಯಾದೆ ಹೋಗ್ಲಿಲ್ಲವಾ ಸರ್? ನಾನೇ ಓದಿದ್ರೆ ಹೋಗ್ತದಾ?" ಎಂದರು. ಸ್ವರ ಏರಿರಲಿಲ್ಲ. "ಟೀಚರ್ ಹೋದ್ರೆ ನಾನೂ ಹೋಗ್ತೇನೆ."

ಉಳಿದವರು ಒಬ್ಬೊಬ್ಬರಾಗಿ ಚೀಲ ಹೆಗಲಿಗೆ ಹಾಕಿಕೊಂಡರು. ಸರ್ ಆ ಚೀಲಗಳನ್ನು ನೋಡಿದರು. "ಕುಳಿತುಕೊಳ್ಳಿ, ಕುಳಿತುಕೊಳ್ಳಿ," ಎಂದು ಹೊರಗೆ ಹೋದರು. ಅವರು ಸೋತೆನೆಂದು ಹೇಳಲಿಲ್ಲ. ಹಲವು ತಿಂಗಳು ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ರೌಟರ್ ಮಾತ್ರ ಕಪಾಟಿನ ಮೇಲೆಯೇ ಇತ್ತು.

ಮದುವೆಯಾಗಿ ಬಂಟ್ವಾಳಕ್ಕೆ ಬಂದ ಮೇಲೆ ಈ ನೆಟ್ ಹಾಕಿಕೊಡುವ ಕೆಲಸವನ್ನೇ ಹಿಡಿದೆ. ಬೇಡವೆಂದವರು ಇದ್ದರು; ಅವರ ಮಾತು ಕೇಳುತ್ತ ಕೂರಲು ನನಗೆ ಪುರುಸೊತ್ತಿರಲಿಲ್ಲ. ಬೆಳ್ತಂಗಡಿಯ ಕಡೆಯ ಒಂದು ಶಾಲೆಗೆ ವೈರ್‌ಲೆಸ್ ಹಾಕಲು ಹೋದಾಗ ಅಲ್ಲಿನ ಕ್ಲರ್ಕ್ ನನ್ನ ಹಿಂದೆ ಗೇಟಿನ ಕಡೆ ನೋಡುತ್ತ, "ಗಂಡಸರು ಯಾರೂ ಬರ್ಲಿಲ್ಲವಾ?" ಎಂದು ಕೇಳಿದರು.

"ನಾನು ಬಂದಿದ್ದೇನೆ. ಏಣಿ ಎಲ್ಲುಂಟು?" ಎಂದೆ.