ಕ್ಯಾಪ್ಟನ್ನರ ಬಲಗಡೆಯ ಸೀಟು

ಯುದ್ಧ ಮುಗಿದ ಮೇಲೆ ಬೆಂಗಳೂರಿನ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ನನಗೆ ಎರಡನೆಯ ಪೈಲಟ್ ಕೆಲಸ ಸಿಕ್ಕಿತು. ಕೊಡಿಸಿದವರು ನಮ್ಮ ಕ್ಯಾಪ್ಟನ್ನರೇ. ಮೈಸೂರಿನ ಕಡೆಯವರು, ಬರ್ಮಾದ ಮೇಲೆ ಹಾರಿ ಬಂದವರು. ಕಂಪನಿಯ ಯಜಮಾನರೂ ಅವರೆದುರು ಎದ್ದು ನಿಲ್ಲುತ್ತಿದ್ದರು. ಮಧುಗಿರಿಯವನಾದ ನಾನು ಅವರ ಬಲಗಡೆ ಕೂರುವುದೇ ಭಾಗ್ಯ ಅಂದುಕೊಂಡಿದ್ದೆ. ಮೊದಲ ದಿನವೇ ಅವರು ನಗುತ್ತ ಹೇಳಿದ್ದರು: "ಕೇಳಿದ್ದಕ್ಕೆ ಉತ್ತರ ಕೊಡು, ಹೇಳಿದ್ದು ಮಾಡು. ವಿಮಾನಕ್ಕೆ ಒಂದೇ ತಲೆ ಇರಬೇಕು."

ನಮ್ಮ ಹಿಂದೆ ಕೂತು ರೇಡಿಯೊ ನೋಡಿಕೊಳ್ಳುತ್ತಿದ್ದವನು ಸಿರಾದವನು, ನನ್ನ ವಾರಿಗೆಯವನು. ಕ್ಯಾಪ್ಟನ್ ಇಲ್ಲದಾಗ ಇಬ್ಬರೂ ಊರಿನ ಮಾತಿಗೆ ಇಳಿಯುತ್ತಿದ್ದೆವು.

ಅದು ಆಷಾಢ. ಬಟ್ಟೆಯ ಮೂಟೆಗಳನ್ನು ತುಂಬಿಕೊಂಡು ಬಳ್ಳಾರಿಗೆ ಹೊರಟಿದ್ದೆವು. ಕೊರಟಗೆರೆ ದಾಟುವಾಗ ಮೋಡ ಕವಿಯಿತು. ನೆಲ ಕಾಣಲಿ ಎಂದು ಕ್ಯಾಪ್ಟನ್ ವಿಮಾನವನ್ನು ಕೆಳಗಿಳಿಸಿದರು. ಮೋಡ ಒಮ್ಮೆ ಹರಿದಾಗ ಎಡಗಡೆ ಚನ್ನರಾಯನದುರ್ಗದ ಬೆಟ್ಟದ ಬುಡ ಕಂಡಿತು.

"ಸರ್, ಮುಂದೆ ಮಧುಗಿರಿ ಬೆಟ್ಟ ಇದೆ," ಎಂದೆ.

"ಅದು ಬಲಕ್ಕೆ ದೂರ ಉಳಿಯುತ್ತೆ."

"ಗಾಳಿ ನಮ್ಮನ್ನ ಆ ಕಡೆಗೇ ತಳ್ಳಿದೆ ಸರ್. ನಾನು ಹುಟ್ಟಿದ ಊರು ಅದು."

"ನಿನ್ನನ್ನ ಕೇಳಿದೆನಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. "ಸ್ವಲ್ಪ ಮೇಲೇರಿಸೋಣ ಸರ್," ಎಂದು ಬೇಡಿಕೊಂಡೆ. ಅವರು ಅದೇ ಎತ್ತರದಲ್ಲಿ ಹಾರಿಸುತ್ತಲೇ ಇದ್ದರು. ನನ್ನೆದುರಿಗೂ ಒಂದು ಚುಕ್ಕಾಣಿ ಇತ್ತು. ಅದರ ಮೇಲೆ ಕೈಯಿಟ್ಟೆ. ಅವರು ಮಗುವಿನ ಕೈ ಸರಿಸುವಂತೆ ನನ್ನ ಕೈ ತೆಗೆದು ನನ್ನ ತೊಡೆಯ ಮೇಲಿಟ್ಟರು.

ಆಮೇಲೆ ಬಂಡೆ ಕಪ್ಪಗೆ ಎದುರಿಗೇ ಬಂತು. ಇಬ್ಬರೂ ಚುಕ್ಕಾಣಿ ಎಳೆದೆವು. ಮುಂಭಾಗ ತಪ್ಪಿಸಿಕೊಂಡಿತು, ಬಾಲ ತಾಗಿತು. ಹೇಗೋ ತೇಲಿ, ದೊಡ್ಡೇರಿ ಕಡೆಯ ಹೊಲವೊಂದಕ್ಕೆ ಹೊಟ್ಟೆಯ ಮೇಲೆ ಬಿದ್ದೆವು. ಹಗ್ಗ ಹರಿದ ಮೂಟೆಗಳು ಮುಂದಕ್ಕೆ ನುಗ್ಗಿ ರೇಡಿಯೊದವನ ಬೆನ್ನು ಮುರಿದವು. ನಮಗಿಬ್ಬರಿಗೂ ಬರಿಯ ತರಚುಗಾಯ.

ಓಡಿ ಬಂದವರಲ್ಲಿ ಒಬ್ಬ ಮುದುಕ ಕೇಳಿದ: "ಹೆಂಗ್ ಬಿತ್ತು ಸ್ವಾಮಿ ಇದು? ಅಷ್ಟು ದೊಡ್ಡ ಬೆಟ್ಟ ಕಾಣ್ಲಿಲ್ವಾ?" ನಾನು ಕ್ಯಾಪ್ಟನ್ನರ ಮುಖ ನೋಡಿದೆ. ಅವರು ಗಾಯಾಳುವಿಗೆ ಗಾಡಿ ಕಟ್ಟಿಸುವುದರಲ್ಲಿದ್ದರು.

ವಿಚಾರಣೆಯಲ್ಲಿ ಅವರು ಮೋಡವಿತ್ತು ಎಂದರು. ಅದು ಸುಳ್ಳಲ್ಲ. ನಾನೂ ಹೇಳುವುದಿದೆ ಎಂದು ಹೋದರೆ ಗುಮಾಸ್ತರು, "ಕ್ಯಾಪ್ಟನ್ನರ ಹೇಳಿಕೆ ಆಗಿದೆಯಪ್ಪ, ನಿಮ್ಮದು ಬೇಕಿಲ್ಲ," ಎಂದು ಬಾಗಿಲಲ್ಲೇ ತಡೆದರು. ತಾಲ್ಲೂಕು ಕಚೇರಿಯಲ್ಲಿ ಜನ್ಮ ಸವೆಸಿದ್ದ ಅಪ್ಪ, "ದೊಡ್ಡೋರ್ಗೆ ಎದುರು ಹೇಳ್ಬಾರ್ದು ಕಣ್ಲಾ. ಜೀವ ಉಳೀತಲ್ಲ, ಸುಮ್ಕಿರು," ಎಂದರು.

ಸಿರಾಕ್ಕೆ ಹೋದೆ. ಗೆಳೆಯ ಹಗ್ಗದ ಮಂಚದ ಮೇಲೆ ಮಲಗಿದ್ದ.

"ನೀ ಹೇಳಿದ್ದೆಲ್ಲಾ ನಂಗೆ ಕೇಳಿಸ್ತು ಕಣೋ," ಎಂದ. "ನಾನೂ ಕೂಗೋಣ ಅಂತಿದ್ದೆ. ನಿನ್ ಮಾತೇ ಕೇಳ್ದೆ ಇರೋರು ನನ್ ಮಾತು ಕೇಳ್ತಾರಾ ಅಂತ ಸುಮ್ನಾಗ್ಬುಟ್ಟೆ."

ನಾನು ಅವನ ಕಾಲ ಮೇಲಿನ ಹೊದಿಕೆ ಸರಿಮಾಡಿದೆ. ಅದು ಅವನಿಗೆ ಗೊತ್ತಾಗಲಿಲ್ಲ.

ಮಳೆಗಾಲ ಮುಗಿಯುವ ಮುಂಚೆಯೇ ನನ್ನನ್ನು ಮತ್ತೆ ಅದೇ ಕ್ಯಾಪ್ಟನ್ನರ ಜೊತೆ ಹಾಕಿದರು. ಬೇರೆಯವರ ಜೊತೆ ಹಾಕಿ ಎಂದು ಯಜಮಾನರನ್ನು ಬೇಡಿದೆ, ಆಗಲಿಲ್ಲ. ಕ್ಯಾಪ್ಟನ್ ಅಕ್ಕರೆಯಿಂದಲೇ ಮನೆಯವರ ಕ್ಷೇಮ ಕೇಳಿದರು. ಹಿಂದೆ ರೇಡಿಯೊಗೆ ಹೊಸಬನೊಬ್ಬ ಬಂದು ಕೂತ. ಬಳ್ಳಾರಿಯ ದಾರಿಯಲ್ಲಿ ಮೋಡ ಕಂಡಾಗ, "ಮೇಲೇರಿಸೋಣವೇ ಸರ್?" ಎಂದೆ. ಅವರು ಅಂದಿನಂತೆಯೇ ವಿಮಾನವನ್ನು ಕೆಳಗಿಳಿಸತೊಡಗಿದರು.