ಇಬ್ಬರಿಗೂ ಒಂದೇ ಚೀಟಿ

ನನಗೂ ನನ್ನ ಓರಗಿತ್ತಿಗೂ ಪ್ರಾಯದಲ್ಲಿ ಹೆಚ್ಚಿನ ಅಂತರವಿಲ್ಲ. ನಾನು ಹಿರಿಯ ಮಗನ ಹೆಂಡತಿ, ಅವಳು ಕಿರಿಯವನ ಹೆಂಡತಿ. ನಾನು ಕಾರ್ಕಳದಲ್ಲಿ ಮನೆ ಮಾಡಿಕೊಂಡು ಹಿರಿಯಡ್ಕದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅವಳು ಕಾಪುವಿನ ಮೂಲಮನೆಯಲ್ಲಿ ಅತ್ತೆಯ ಜೊತೆಗಿದ್ದಳು. ಐವತ್ತು ದಾಟಿದ ಮೇಲೆ ಇಬ್ಬರಿಗೂ ಮುಟ್ಟು ಹಿಂದುಮುಂದಾಗತೊಡಗಿತು. ಮನೆಯವರ ದೃಷ್ಟಿಯಲ್ಲಿ ಅಂದಿನಿಂದ ನಾವಿಬ್ಬರೂ ಒಬ್ಬಳೇ ಹೆಂಗಸಾಗಿಬಿಟ್ಟೆವು.

ಆ ಬೇಸಿಗೆಯಲ್ಲಿ ಮೂಲಮನೆಯಲ್ಲಿ ನಾಗನಿಗೆ ತಂಬಿಲ ಸೇವೆಯಿತ್ತು. ಊಟವಾದ ಮೇಲೆ ಹೆಂಗಸರೆಲ್ಲ ಒಳಕೋಣೆಯ ಒಂದೇ ಫ್ಯಾನಿನ ಕೆಳಗೆ ಚಾಪೆ ಹಾಸಿ ಮಲಗಿದ್ದರು. ಓರಗಿತ್ತಿಯ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಅವಳು ಎದ್ದು ಫ್ಯಾನನ್ನು ಕೊನೆಯ ಅಂಕಿಗೆ ತಿರುಗಿಸಿದಳು. ನನಗೆ ನಡುಕ ಬಂತು. ಹೊದಿಕೆ ಕೇಳಿದೆ. ಸಿಗಲಿಲ್ಲ, ಮೇ ತಿಂಗಳಲ್ಲಿ ಹೊದಿಕೆ ಕೈಗೆಟಕುವಂತೆ ಯಾರು ಇಡುತ್ತಾರೆ? ಎದ್ದು ಹೋಗಿ ಅಂಗಳದ ಬಿಸಿಲಲ್ಲಿ ಕೂತೆ.

"ಟೀಚರಮ್ಮನಿಗೆ ಇಲ್ಲಿಯೇ ಊಟಿಯ ಚಳಿ," ಎಂದು ಒಳಗಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕರು.

"ನಗಬೇಡಿ," ಎಂದರು ಅತ್ತೆ. "ಒಬ್ಬಳಿಗೆ ಸೆಕೆ, ಒಬ್ಬಳಿಗೆ ಚಳಿ. ಎಲ್ಲ ಒಂದೇ. ಆ ಪ್ರಾಯದ್ದು. ನನಗೆಂತ ಆಗಲಿಲ್ವಾ?"

ಸೆಕೆಯೂ ಚಳಿಯೂ ಒಂದೇ ಎಂಬ ಆ ಮಾತನ್ನು ಅಲ್ಲಿ ಮಲಗಿದ್ದ ಒಬ್ಬರೂ ಪ್ರಶ್ನಿಸಲಿಲ್ಲ. ಯಾರು ಯಾರು ಮಲಗಿದ್ದರೆಂದು ಇಂದಿಗೂ ಹೇಳಬಲ್ಲೆ.

ಮರುವಾರ ಅತ್ತೆಯೇ ನಮ್ಮಿಬ್ಬರನ್ನೂ ಉಡುಪಿಯ ಡಾಕ್ಟರರ ಬಳಿಗೆ ಕಳುಹಿಸಿದರು. ಇಂತಹ ವಿಷಯಕ್ಕೆ ನಮ್ಮಲ್ಲಿ ಹೆಂಗಸು ಒಬ್ಬಳೇ ಹೋಗುವ ಕ್ರಮವಿಲ್ಲ. ಜೋಡಿಯಾಗಿ ಹೋಗುವುದು, ಜೋಡಿಯಾಗಿಯೇ ಒಳಗೆ ಕೂರುವುದು. ನನ್ನ ಸ್ವರ ಆಗಲೇ ದಪ್ಪಗಾಗಿ ಒಡೆಯುತ್ತಿದ್ದುದರಿಂದ ಮಾತು ಅವಳ ಪಾಲಾಯಿತು. ರಾತ್ರಿ ಬೆವರಿ ಏಳುವುದು, ಮುಖಕ್ಕೆ ಬೆಂಕಿ ಹೊತ್ತಿದಂತಾಗುವುದು, ಸಿಡುಕು, ದಣಿವು, ಎಲ್ಲವನ್ನೂ ವಿವರವಾಗಿ ಹೇಳಿದಳು. ಡಾಕ್ಟರರು ನನ್ನತ್ತ ತಿರುಗಿದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೆಂದಳು:

"ಅಕ್ಕನಿಗೂ ಹಾಗೆಯೇ, ಡಾಕ್ಟ್ರೇ."

ಅವರು ಒಂದೇ ಬಗೆಯ ಮಾತ್ರೆಗಳನ್ನು ಎರಡು ಚೀಟಿಗಳಲ್ಲಿ ಬರೆಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಒಂದರಲ್ಲಿಯೇ ಬರೆದು, "ಇಬ್ಬರೂ ತಗೊಳ್ಳಿ, ವಾಕಿಂಗ್ ಮಾಡಿ," ಎಂದರು. ನನ್ನ ಕೈ ಮುಟ್ಟಲಿಲ್ಲ. ಮುಟ್ಟಿದ್ದರೆ ಅದು ತಣ್ಣಗಿರುವುದಾದರೂ ತಿಳಿಯುತ್ತಿತ್ತು.

ಓರಗಿತ್ತಿಯ ಬೆವರು ಕಾಲಕ್ರಮದಲ್ಲಿ ಕಡಿಮೆಯಾಯಿತು. ನಾನು ಮಾತ್ರ ಊದುತ್ತ ಹೋದೆ. ಚರ್ಮ ಒಣಗಿ ಬಿರಿಯಿತು, ಹುಬ್ಬಿನ ಹೊರತುದಿ ಉದುರಿತು, ಮಲಬದ್ಧತೆ ಬಿಡಲಿಲ್ಲ. ಇವನ್ನೆಲ್ಲ ಸಹಿಸಿಕೊಂಡೇನು. ತರಗತಿಯಲ್ಲಿ ಪದ್ಯ ಓದುತ್ತಿದ್ದಾಗ ಮುಂದಿನ ಸಾಲು ಸಿಗದೆ ನಿಂತುಬಿಡುತ್ತಿದ್ದುದನ್ನು ಸಹಿಸಲಾಗಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಪುಸ್ತಕ ನೋಡದೆ ಹೇಳಿದ ಪದ್ಯಗಳವು. ಮಕ್ಕಳು ನನ್ನ ಒಡಕು ಸ್ವರವನ್ನು ಅಣಕಿಸಿದರು. ಒಂದು ಮಧ್ಯಾಹ್ನ ಕುರ್ಚಿಯಲ್ಲಿಯೇ ತೂಕಡಿಸಿದೆ. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಮುಖ್ಯೋಪಾಧ್ಯಾಯರು ನಿಂತಿದ್ದರು.

"ಟೀಚರ್, ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿಯೂ ಉಂಟು, ಈ ಪ್ರಾಯದಲ್ಲಿ ಹೆಂಗಸರಿಗೆ ಹೀಗಾಗುತ್ತದೆ," ಎಂದರು. "ಇಷ್ಟು ಕಷ್ಟಪಟ್ಟು ಯಾಕೆ ಬರುವುದು? ಪೆನ್ಶನ್ ಬರುತ್ತದಲ್ಲ."

ನನಗೆ ಪಾಠ ಬೇಕಿತ್ತು, ಪಾಠವೊಂದೇ ನನ್ನದಾಗಿತ್ತು. ಆದರೆ ಆ ಪ್ರಾಯ ಬಂದಿತೆಂದು ಅತ್ತೆ ಹೇಳಿದ್ದರು, ಡಾಕ್ಟರರು ಹೇಳಿದ್ದರು, ಈಗ ಇವರೂ ಹೇಳಿದರು. ಪ್ರಾಯಕ್ಕೆ ಮದ್ದು ಎಲ್ಲಿಯದು? ಸ್ವಯಂನಿವೃತ್ತಿಗೆ ಅರ್ಜಿ ಬರೆದುಕೊಟ್ಟೆ.

ಶಾಲೆ ಬಿಟ್ಟ ಮೇಲೂ ಸ್ವರ ಸರಿಹೋಗದಿದ್ದಾಗ ಗಂಟಲು ತೋರಿಸಲು ಮಣಿಪಾಲಕ್ಕೆ ಹೋದೆ. ಈ ಸಲ ಒಬ್ಬಳೇ. ಗಂಟಲು ನೋಡಿದವರು ಇನ್ನೊಬ್ಬ ವೈದ್ಯೆಯ ಬಳಿಗೆ ಕಳುಹಿಸಿದರು. ನನ್ನ ಶಿಷ್ಯೆಯಾಗಿರಬಹುದಾದಷ್ಟು ಎಳೆಯ ಹುಡುಗಿ. ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಾಡಿ ಎಣಿಸಿದಳು.

"ಅಮ್ಮಾ, ನಿಮಗೆ ಸೆಕೆ ಹೆಚ್ಚಾ, ಚಳಿ ಹೆಚ್ಚಾ?"

"ಚಳಿ."

"ಇದನ್ನು ಮೊದಲು ಯಾರೂ ಕೇಳಲಿಲ್ವಾ?"

ಕೇಳಲಿಲ್ಲವೆಂದೆ. ರಕ್ತಪರೀಕ್ಷೆಯ ವರದಿ ಬಂದಾಗ ಥೈರಾಯ್ಡ್ ಗ್ರಂಥಿ ಬಹುಕಾಲದಿಂದ ಸೋತಿದೆಯೆಂದು ಹೇಳಿದಳು. ದಣಿವು, ಮರೆವು, ತೂಕ, ಮುಟ್ಟಿನ ಏರುಪೇರು ಮುಟ್ಟು ನಿಲ್ಲುವ ಪ್ರಾಯದಲ್ಲಿಯೂ ಬರುತ್ತವೆ, ಥೈರಾಯ್ಡ್ ಸೋತಾಗಲೂ ಬರುತ್ತವೆ. ಎರಡೂ ಒಟ್ಟಿಗೇ ಇರುವುದೂ ಉಂಟು. ಚಳಿ, ಒಡೆದ ಸ್ವರ, ನಿಧಾನವಾದ ನಾಡಿ ಕಂಡರೆ ಥೈರಾಯ್ಡಿನ ಸಂಶಯ ಪಡಬೇಕು, ಆದರೂ ರಕ್ತ ನೋಡದೆ ಯಾವುದನ್ನೂ ನಿಶ್ಚಯಿಸಬಾರದು ಎಂದಳು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ. ಅಷ್ಟೇ.

ಕೆಲವು ತಿಂಗಳಲ್ಲಿ ಚಳಿ ಹೋಯಿತು, ಪದ್ಯಗಳು ಒಂದೊಂದಾಗಿ ಮರಳಿದವು, ಕೊನೆಗೆ ಸ್ವರವೂ ಮರಳಿತು. ಶಾಲೆಗೆ ಹೋಗಿ ಕೇಳಿದೆ. ಅರ್ಜಿ ಅಂಗೀಕಾರವಾಗಿದೆ, ಹಿಂದಕ್ಕೆ ಪಡೆಯುವ ಅವಕಾಶವಿಲ್ಲವೆಂದರು. ಒಳಗೆ ಯಾರೋ ನನ್ನ ತರಗತಿಗೆ ಪಾಠ ಮಾಡುತ್ತಿದ್ದರು. ಓರಗಿತ್ತಿಗೆ ಹೇಳಿದಾಗ, "ನಾನು ನಿಮ್ಮ ಪರವಾಗಿಯೇ ಮಾತಾಡಿದ್ದಲ್ವಾ ಅಕ್ಕ," ಎಂದಳು. ಅವಳಿಗೆ ಈಗಲೂ ಅದು ಉಪಕಾರವೇ.

ಮೊನ್ನೆ ರಕ್ತಪರೀಕ್ಷೆಗೆಂದು ಕಾರ್ಕಳದಿಂದ ಮಣಿಪಾಲಕ್ಕೆ ಹೊರಟಿದ್ದೆ. ಬಸ್ಸು ಹಿರಿಯಡ್ಕದಲ್ಲಿ ನಿಂತಾಗ ಅದೇ ಮುಖ್ಯೋಪಾಧ್ಯಾಯರು ಹತ್ತಿದರು. ಅವರೂ ನಿವೃತ್ತರಾಗಿದ್ದಾರೆ. ಪಕ್ಕದಲ್ಲಿ ನಿಂತು ಕ್ಷೇಮ ವಿಚಾರಿಸಿದರು. ಥೈರಾಯ್ಡಿನ ವಿಷಯ ಹೇಳಿದೆ.

"ಈಗ ಸ್ವರ ಚೆನ್ನಾಗುಂಟಲ್ಲ ಟೀಚರ್. ನೀವು ಆಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬಹುದಿತ್ತು."

ನಾನು ಕಿಟಕಿಯ ಹೊರಗೆ ನೋಡಿದೆ. ಬಸ್ಸು ಪರ್ಕಳ ದಾಟಿತು.

"ಮಣಿಪಾಲ ಯಾರುಂಟು?" ಎಂದು ಕಂಡಕ್ಟರ್ ಕೂಗಿದ.

"ನಾನಿದ್ದೇನೆ," ಎಂದೆ. ಸ್ವರ ಕೊನೆಯ ಬೆಂಚಿಗೂ ಕೇಳುವಷ್ಟು ಸ್ಪಷ್ಟವಾಗಿತ್ತು.