ಸೊಂಟದ ಮೇಲಿನ ಭಾರ

ಕಾರ್ಖಾನೆಯಲ್ಲಿ ಹೊಲಿಗೆ ಮಿಷನ್ನಿಗೆ ದಾರ ಪೋಣಿಸುವ ಮುಂಚೆ ಅಕ್ಕ ದಿನಾ ಒಂದು ಕೆಲಸ ಮಾಡುತ್ತಾಳೆ. ಹಿಂದಿನ ದಿನ ಹೊಲಿದ, ಗುಂಡು ತಡೆಯುವ ಜಾಕೆಟ್ಟೊಂದಕ್ಕೆ ಭಾರದ ಪ್ಲೇಟುಗಳನ್ನು ತುಂಬಿ, ತೊಟ್ಟುಕೊಂಡು, ಮಂಡಿಯೂರಿ ನೆಲ ಮುಟ್ಟಿ ಏಳುತ್ತಾಳೆ. ಜ್ವರವಿದ್ದ ದಿನವೂ ತಪ್ಪಿಸಿದವಳಲ್ಲ.

"ದೇವರಿಗೆ ನಮಸ್ಕಾರ ಆಯ್ತಾ?" ಎಂದು ಪಕ್ಕದ ಮಿಷನ್ನಿನವರು ರೇಗಿಸುತ್ತಾರೆ.

"ದೇವರು ಕಾಯಬೇಕಾದೋರು ಇದನ್ನ ತೊಡ್ತಾರಲ್ಲ, ಅವರಿಗೆ ಕಣ್ರೇ."

ಹಾಗೆ ತೊಡುವವರಲ್ಲಿ ಅವಳ ತಮ್ಮನೂ ಒಬ್ಬ, ಕಾಲಾಳು ಪಡೆಯ ಸಿಪಾಯಿ. ತಾಯಿ ಹೋದ ಮೇಲೆ ಅಕ್ಕನೇ ಎತ್ತಿ ಬೆಳೆಸಿದ ಹುಡುಗ.

ಈ ಸಲ ರಜೆಗೆ ಬಂದವನು ಅವಳ ಊಟದ ಡಬ್ಬಿ ಹಿಡಿದು ಕಾರ್ಖಾನೆಗೆ ಬಂದ. ಸೆಕೆಗೆ ಅಂಗಿಯ ಗುಂಡಿ ಬಿಚ್ಚಿದಾಗ ಹೆಗಲ ಮೇಲೆ ಕಂದಿದ ಬರೆಗಳು ಕಂಡವು. ಜಾಕೆಟ್ಟಿನ ಪಟ್ಟಿ ಒತ್ತಿದ ಜಾಗ.

"ಬಿಡಕ್ಕಾ. ಈಗ ಗುಡ್ಡ ಹತ್ತೋವಾಗ ಪಕ್ಕದ ಪ್ಲೇಟು ತೆಗೆದಿಟ್ಟುಬಿಡ್ತೀನಿ. ಇಲ್ಲಾಂದ್ರೆ ಓಡೋಕಾಗಲ್ಲ."

"ಪಕ್ಕದಿಂದ ಗುಂಡು ಬಂದ್ರೆ?"

"ಓಡದೆ ನಿಂತ್ರೆ ಎಲ್ಲಾ ಕಡೆಯಿಂದ್ಲೂ ಬರುತ್ತೆ."

ಅಕ್ಕ ಊಟದ ಡಬ್ಬಿ ಮುಚ್ಚಿಟ್ಟಳು. ಅವನಿಗೆ ಜಾಕೆಟ್ಟು ತೊಡಿಸಿ, ಬಂದೂಕಿನ ಬದಲು ಕೈಗೆ ಪೊರಕೆ ಕೊಟ್ಟು, ಮೇಜುಗಳ ನಡುವೆ ಓಡಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಹೆಜ್ಜೆ ಹೆಜ್ಜೆಗೂ ಜಾಕೆಟ್ಟು ಎಗರಿ ಹೆಗಲ ಮೇಲೇ ಬೀಳುತ್ತಿತ್ತು. ಸೊಂಟದ ಪಟ್ಟಿ ಸುಮ್ಮನೆ ಜೋತಾಡುತ್ತಿತ್ತು. ಅದನ್ನು ಹೊಲಿದವಳು ಅವಳೇ. ನೆಟ್ಟಗೆ ನಿಂತ ಮರದ ಗೊಂಬೆಯ ಅಳತೆಗೆ ಹೊಲಿದದ್ದು. ತಾನು ತೊಟ್ಟು ಕೂತು ಎದ್ದಿದ್ದಳೇ ಹೊರತು ಒಂದು ದಿನವೂ ಓಡಿ ನೋಡಿರಲಿಲ್ಲ.

ಟವೆಲ್ ಮಡಿಸಿ ಅವನ ಸೊಂಟಕ್ಕೆ ಸುತ್ತಿ, ಅದರ ಮೇಲೆ ಪಟ್ಟಿಯನ್ನು ಬಿಗಿದಳು. "ಚಿಕ್ಕೋನಿದ್ದಾಗ ನಿನ್ನನ್ನ ಹೆಗಲ ಮೇಲೆ ಹೊತ್ತಿದ್ರೆ ಅವತ್ತೇ ಬೀಳಿಸ್ತಿದ್ದೆ ಕಣೋ. ಸೊಂಟದ ಮೇಲೆ ಕೂರಿಸ್ಕೊಂಡೇ ಊರೆಲ್ಲಾ ಸುತ್ತಿದ್ದು. ಓಡೀಗ."

ಓಡಿ ಬಂದವನ ಮುಖ ಅರಳಿತ್ತು. "ಭಾರ ಅಷ್ಟೇ ಇದೆ. ಆದ್ರೆ ಈಗ ನನ್ನ ಜೊತೆ ಓಡ್ತಿದೆ ಅಕ್ಕಾ!"

"ಪ್ಲೇಟು ತೆಗೀತೀಯಾ?"

"ಇಲ್ಲಮ್ಮಾ ತಾಯಿ, ತೆಗೆಯಲ್ಲ."

ನೋಡುತ್ತಿದ್ದ ಮೇಸ್ತ್ರಿ ಸೊಂಟಕ್ಕೆ ಅಗಲ ಪಟ್ಟಿಯ, ಮೆತ್ತೆಯಿಟ್ಟ ಮಾದರಿ ಜಾಕೆಟ್ಟೊಂದನ್ನು ಅವಳಿಂದಲೇ ಹೊಲಿಸಿದರು. ಪರೀಕ್ಷೆಗಳೆಲ್ಲ ಮುಗಿದು ಅದು ಪಡೆಯ ಕೈ ಸೇರಲು ತಿಂಗಳುಗಳೇ ಬೇಕು. ಹುಡುಗ ರಜೆ ಮುಗಿಸಿ ಹೊರಡುವ ದಿನ ಮೇಸ್ತ್ರಿ ಆ ಮಾದರಿಯನ್ನೇ ಕಾಗದದಲ್ಲಿ ಸುತ್ತಿ ತಂದರು.

"ತಗೋಮ್ಮಾ, ನಿನ್ನ ತಮ್ಮನಿಗೆ ಕೊಡು. ಯಾರಾದ್ರೂ ಕೇಳಿದ್ರೆ ನಾನು ಹೇಳ್ಕೊಳ್ತೀನಿ."

ಅಕ್ಕ ಆ ಕಟ್ಟನ್ನು ಮಗುವಿನ ಬೆನ್ನು ಸವರುವಂತೆ ಸವರಿದಳು. ಆಮೇಲೆ ಅವರ ಕಡೆಗೇ ಸರಿಸಿದಳು.

"ಬೇಡಣ್ಣಾ. ಇವನೊಬ್ಬ ಮುಂದೆ ಓಡಿ ಜೊತೆಯವರು ಹಿಂದೆ ಉಳಿಯೋದು ಬೇಡ. ಎಲ್ಲರಿಗೂ ಬಂದಾಗ ಇವನಿಗೂ ಬರಲಿ. ಅಲ್ಲೀವರೆಗೆ ಟವೆಲ್ ಕಟ್ಕೊಳ್ಳೋದನ್ನ ಅವರಿಗೂ ಹೇಳ್ಕೊಡ್ತಾನೆ."